ತರಕಾರಿ ಸಾಲಿನ ಕೆಲಸ: ಸೊಂಟ, ಮೊಣಕಾಲು ಹಿಡಿಯದಂತೆ ಏನು ಮಾಡುತ್ತೀರಿ?

ಹರಿವೆಸಾಲು, ಮುಳ್ಳೇರಿಯ:
ದೀಪಾವಳಿ ಕಳೆದ ಮೇಲೆ ಮನೆಯೆದುರಿನ ಗದ್ದೆಯಲ್ಲಿ ತರಕಾರಿ ಹಾಕುವುದು ನಮ್ಮಲ್ಲಿ ಮೊದಲಿಂದಲೂ ಉಂಟು. ಅಲಸಂಡೆ, ಬೆಂಡೆ, ಸೌತೆ, ಹರಿವೆ. ಅತ್ತೆಗೆ ಈಗ ಆಗುವುದಿಲ್ಲ, ಕೆಲಸವೆಲ್ಲ ನನ್ನೊಬ್ಬಳದ್ದೇ. ಎದ್ದು ಕಾಫಿ ಕುಡಿದು ಹಾರೆ (ಗುದ್ದಲಿ) ಹಿಡಿದರೆ ತಿಂಡಿಯ ಹೊತ್ತಿಗೆ ಸೊಂಟ ನೆಟ್ಟಗಾಗುವುದಿಲ್ಲ. ಕಳೆ ಕೀಳಲಿಕ್ಕೆ ಕುಕ್ಕುರುಗಾಲಲ್ಲಿ ಕೂತರೆ ಏಳುವಾಗ ಮೊಣಕಾಲು ಹಿಡಿದುಕೊಳ್ಳುತ್ತದೆ. ತೋಡಿನಿಂದ ಕೊಡಪಾನದಲ್ಲಿ ನೀರು ತರುವುದೂ ನಾನೇ. ವಯಸ್ಸು 52. ತರಕಾರಿ ಬಿಡುವ ಮನಸ್ಸಿಲ್ಲ. ನೀವೆಲ್ಲ ಹೇಗೆ ಸುಧಾರಿಸುತ್ತೀರಿ?

ತೋಟದಮನೆ, ಪೆರ್ಲ:
ಅಕ್ಕಾ, ಮೊದಲು ಹೊತ್ತು ಬದಲಿಸಿ. ರಾತ್ರಿ ಮಲಗಿದಾಗ ಬೆನ್ನೆಲುಬಿನ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಕೂಡಲೇ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಒಂದು ಗಂಟೆಯಾದರೂ ಹಾರೆ ಮುಟ್ಟಬೇಡಿ. ಅಲಸಂಡೆ ಬಳ್ಳಿ ಹಬ್ಬಿಸುವುದು, ಬಸಳೆ ಕೊಯ್ಯುವುದು, ಹೀಗೆ ನಿಂತು ಮಾಡುವ ಕೆಲಸ ಆ ಹೊತ್ತಿಗೆ ಇಟ್ಟುಕೊಳ್ಳಿ.

ಕಳೆಗೆ ಕೂರುವುದೇ ಬೇಡ ಅನ್ನುವವನು ನಾನು. ಹುಲ್ಲು ಎರಡೆಲೆ ಇರುವಾಗಲೇ ಉದ್ದ ಹಿಡಿಯ ಸಣ್ಣ ಹಾರೆಯಲ್ಲಿ ನಿಂತುಕೊಂಡೇ ಹೆರೆದುಬಿಡಿ. ಆಮೇಲೆ ಸಾಲಿಗೆ ತರಗೆಲೆಯೋ ಅಡಿಕೆ ಸೋಗೆಯೋ ದಪ್ಪಕ್ಕೆ ಮುಚ್ಚಿ. ಕಳೆಯೂ ಕಡಿಮೆ, ನೀರೂ ಕಡಿಮೆ ಸಾಕು. ಹಿಡಿ ತೆಳ್ಳಗಿದ್ದರೆ ಬಿಗಿಹಿಡಿದು ಹಿಡಿದು ಹೆಬ್ಬೆರಳಿನ ಬುಡ ನೋಯುತ್ತದೆ. ನನ್ನ ಹಾರೆಗೆ ಹಳೆ ಸೈಕಲ್ ಟ್ಯೂಬ್ ಸೀಳಿ ಓರೆಯಾಗಿ ಸುತ್ತಿದ್ದೇನೆ, ಬೆವರಿದ ಕೈಯೂ ಜಾರುವುದಿಲ್ಲ.

ಸಸಿ ನೆಡುವಾಗ ಕೂರಲೇಬೇಕಲ್ಲ, ಆಗ ಅಗಲದ ಅಡಿಕೆ ಹಾಳೆಯ ಮೇಲೆ ಗೋಣಿ ಮಡಚಿಟ್ಟು ಒಂದು ಮೊಣಕಾಲೂರಿ. ಸಾಲಿನುದ್ದಕ್ಕೂ ಹಾಳೆಯನ್ನು ಎಳೆದುಕೊಂಡೇ ಹೋಗಬಹುದು. ಏಳುವಾಗ ಮುಂದಿನ ತೊಡೆಗೆ ಕೈಯೂರಿ ಏಳಿ.

ಕೊಡಪಾನದ ವಿಷಯ ನನಗೆ ದೊಡ್ಡದಾಗಿ ಕಾಣುತ್ತದೆ. 15 ಲೀಟರ್ ನೀರೆಂದರೆ 15 ಕಿಲೋ, ಅದೂ ಒಂದೇ ಸೊಂಟದ ಮೇಲೆ. ಎರಡು ಸಣ್ಣ ಬಕೆಟಿಗೆ ಐದಾರು ಲೀಟರ್ ತುಂಬಿಸಿ ಎರಡೂ ಕೈಯಲ್ಲಿ ತನ್ನಿ. ನಡೆಯುವುದು ಹೆಚ್ಚಾದರೂ ಬೆನ್ನು ಓರೆಯಾಗುವುದಿಲ್ಲ. ಗೊಬ್ಬರದ ಹೆಡಗೆಯೂ ಹಾಗೆಯೇ, ಅರ್ಧ ತುಂಬಿಸಿ ಮೈಗೆ ತಾಗಿಸಿ ಎತ್ತಿ. ತುಂಬ ಹೊತ್ತು ಬಗ್ಗಿದ್ದು ಆ ಬಗ್ಗಿನಲ್ಲೇ ಭಾರ ಎತ್ತಲೇಬೇಡಿ. ಬಗ್ಗಿದಷ್ಟೂ ಬೆನ್ನಿನ ಕಟ್ಟುಗಳು ಸಡಿಲವಾಗಿರುತ್ತವೆ. ನೆಟ್ಟಗೆ ನಿಂತು, ನಾಲ್ಕು ಹೆಜ್ಜೆ ನಡೆದು, ಆಮೇಲೆ ಎತ್ತಿ. ಒಂದೇ ಕೆಲಸಕ್ಕೆ 20 ನಿಮಿಷಕ್ಕಿಂತ ಹೆಚ್ಚು ಅಂಟಿಕೊಳ್ಳಬೇಡಿ, ಬದಲಿಸುತ್ತಾ ಇರಿ.

ನೆಕ್ಕಿಸೊಪ್ಪು, ನೀರ್ಚಾಲು:
ಸಂಜೆ ನೆಕ್ಕಿ (ಲಕ್ಕಿ) ಸೊಪ್ಪು ಹಾಕಿ ಕಾಯಿಸಿದ ಬಿಸಿನೀರಲ್ಲಿ ಮೀಯಿರಿ, ಅದಕ್ಕೆ ಮೊದಲು ಸೊಂಟಕ್ಕೆ ಕೊಟ್ಟಂಚುಕ್ಕಾದಿ ತೈಲ, ನೋವಿಗೆ ಹಚ್ಚುವ ಆಯುರ್ವೇದದ ಎಣ್ಣೆ. ನನಗೆ ಅದರಲ್ಲಿ ಒಳ್ಳೆ ನಿದ್ದೆ ಬರುತ್ತದೆ.

ನಿವೃತ್ತ ನರ್ಸ್, ಕುಂಬಳೆ:
ತೈಲ ಹಚ್ಚಿ, ಬೇಡವೆನ್ನುವುದಿಲ್ಲ. ಆದರೆ ನೀವು ಗದ್ದೆ, ತೋಡು ಅಂದಿರಿ, ಅಲ್ಲಿ ಕೆಸರು ಇದ್ದೇ ಇರುತ್ತದೆ, ಹಾಗಾಗಿ ಹೇಳಲೇಬೇಕು. ಮೈಕೈ ನೋವಿನ ಜೊತೆ ಜ್ವರ ಬಂದರೆ, ಮೀನಖಂಡ ಮುಟ್ಟಿದರೆ ನೋವಾದರೆ, ಕಣ್ಣು ಕೆಂಪಾದರೆ ಅದು ಕೆಲಸದ ನೋವೆಂದು ಮಲಗಬೇಡಿ. ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ ಬರುವ ಇಲಿ ಜ್ವರ ಹಾಗೆಯೇ ಶುರುವಾಗುತ್ತದೆ. ತಡವಾದರೆ ಕಿಡ್ನಿ, ಲಿವರ್‌ಗೆ ಹೋಗುತ್ತದೆ. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಕೆಸರಲ್ಲಿ ಕೆಲಸ ಮಾಡುವುದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಕಾಲಲ್ಲಿ ಗಾಯವಿದ್ದರೆ ಬೂಟು ಇಲ್ಲದೆ ಇಳಿಯಬೇಡಿ. ಮುಂಜಾಗ್ರತೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ಅಲ್ಲೇ ಕೇಳಿ, ನಿಮಗೆ ಹಿಡಿಸುತ್ತದೋ ಇಲ್ಲವೋ ಅವರು ನೋಡಿ ಕೊಡುತ್ತಾರೆ. ಇನ್ನು ಸೊಂಟದಿಂದ ಕಾಲಿಗೆ ಜೋಮು ಇಳಿದರೆ, ಮೂತ್ರ ತಡೆಯಲಿಕ್ಕೆ ಆಗದಿದ್ದರೆ ಒಂದು ಗಳಿಗೆಯೂ ಕಾಯಬೇಡಿ.

ಹರಿವೆಸಾಲು, ಮುಳ್ಳೇರಿಯ:
ಇಲಿ ಜ್ವರದ ಯೋಚನೆಯೇ ನನಗೆ ಬಂದಿರಲಿಲ್ಲ, ತುಂಬ ಉಪಕಾರವಾಯಿತು. ಪೆರ್ಲದ ಅಣ್ಣಾ, ಹೆರೆಯುವ ಹಾರೆಗೆ ಹಿಡಿ ಎಷ್ಟು ಉದ್ದ ಬೇಕು?

ತೋಟದಮನೆ, ಪೆರ್ಲ:
ನೆಟ್ಟಗೆ ನಿಂತು ಪಕ್ಕದಲ್ಲಿ ಊರಿದರೆ ತುದಿ ಗದ್ದದ ಹತ್ತಿರ ಬರಬೇಕು. ಇದು ಹೆರೆಯಲಿಕ್ಕೆ ಮಾತ್ರ. ಅಗೆಯುವ ಹಾರೆಗೆ ಇಷ್ಟುದ್ದ ಹಾಕಿದರೆ ಪೆಟ್ಟು ಸರಿಯಾಗಿ ಬೀಳುವುದಿಲ್ಲ.