ಕ್ಯಾಸಿನಿ ಡಾಪ್ಲರ್‌ನಲ್ಲಿ ಜೋಡಿ ಉಬ್ಬು: ಗುರುತ್ವ ಅಲೆಯೋ, ಗದ್ದಲವೋ?

ಪ್ರಶ್ನೆ: 2001ರ ನವೆಂಬರ್ 26ರಿಂದ 2002ರ ಜನವರಿ 4ರವರೆಗಿನ ಕ್ಯಾಸಿನಿ ಪ್ರಯೋಗದ ದತ್ತಾಂಶ ನೋಡುತ್ತಿದ್ದೇನೆ: ಶನಿಯತ್ತ ಹೊರಟಿದ್ದ ಆ ನೌಕೆಗೆ ಹೋಗಿಬಂದ ರೇಡಿಯೊ ಸಂಕೇತದ ಆವರ್ತನ ಬದಲಾವಣೆಯಲ್ಲಿ (ಡಾಪ್ಲರ್) ಗುರುತ್ವ ಅಲೆ ಹುಡುಕಿದ ಪ್ರಯೋಗ. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ನಿಲ್ದಾಣದ ಡಿಎಸ್‌ಎಸ್-25 ಆಂಟೆನಾದ್ದು. ಕಕ್ಷೆಯ ಚಲನೆ ಕಳೆದ ಮೇಲೆ ಒಂದು ಉಬ್ಬು ಉಳಿಯುತ್ತದೆ. ಸಂಕೇತ ಹೋಗಿಬರುವ ಸಮಯ, ಅಂದರೆ 5,700 ಚಿಲ್ಲರೆ ಸೆಕೆಂಡು ಕಳೆದ ಮೇಲೆ ಅದೇ ದಿಕ್ಕಿಗೆ ಇನ್ನೊಂದು. ಎಕ್ಸ್/ಎಕ್ಸ್, ಎಕ್ಸ್/ಕೆಎ (ಏರುವ/ಇಳಿಯುವ ಸಂಕೇತದ ಆವರ್ತನ ಪಟ್ಟಿಗಳು) ಎರಡನ್ನೂ ಬಳಸಿ ದಾರಿಯ ಪ್ಲಾಸ್ಮಾದ, ಅಂದರೆ ವಿದ್ಯುದಾವೇಶವಿರುವ ಅನಿಲದ, ಪರಿಣಾಮ ತೆಗೆದರೂ 1,000 ಸೆಕೆಂಡಿಗೆ ಆಲನ್ ಡೀವಿಯೇಶನ್ (ಆವರ್ತನದ ಏರಿಳಿತದ ಅಳತೆ) 2×10⁻¹⁴ರಲ್ಲೇ ನಿಂತಿದೆ. ನಿರೀಕ್ಷಿತ 3×10⁻¹⁵ ಯಾಕೆ ಬರುತ್ತಿಲ್ಲ?

ಉತ್ತರ: ಮೊದಲು ಪ್ಲಾಸ್ಮಾ. ನೀವು ಹಿಡಿದ ಎರಡೂ ಕೊಂಡಿಗಳಿಗೆ ಮೇಲೇರುವ ಸಂಕೇತ ಒಂದೇ, 7.2 ಗಿಗಾಹರ್ಟ್ಸ್‌ನದು. ಅವುಗಳ ವ್ಯತ್ಯಾಸದಿಂದ ಇಳಿಯುವ ದಾರಿಯ ಪ್ಲಾಸ್ಮಾ ಮಾತ್ರ ಸಿಗುತ್ತದೆ, ಏರುವ ದಾರಿಯದು ಹಾಗೇ ಉಳಿಯುತ್ತದೆ. 34 ಗಿಗಾಹರ್ಟ್ಸ್‌ನಲ್ಲಿ ಏರಿ 32ರಲ್ಲಿ ಇಳಿಯುವ ಕೆಎ/ಕೆಎಯನ್ನೂ ಸೇರಿಸಿ. ಪ್ಲಾಸ್ಮಾದ ಪೆಟ್ಟು ಆವರ್ತನದ ವರ್ಗಕ್ಕೆ ವಿಲೋಮವಾದ್ದರಿಂದ ಏರುವಾಗಲೇ ಅದು ಸುಮಾರು 22 ಪಟ್ಟು ತಗ್ಗುತ್ತದೆ.

ಉಬ್ಬುಗಳು ಗುರುತ್ವ ಅಲೆಯಲ್ಲ, ಇದನ್ನು ಖಚಿತವಾಗಿ ಹೇಳಬಹುದು. ಅಲೆ ಮೂರು ಮಿಡಿತ ಬಿಡುತ್ತದೆ, ಮೂರರ ಮೊತ್ತ ಸೊನ್ನೆ. ಅಲೆಯ ದಿಕ್ಕಿಗೂ ನೌಕೆಯ ದಿಕ್ಕಿಗೂ 60° ಕೋನವಿದ್ದರೆ, ಅಲೆಯ ಬಲಕ್ಕೆ ಹೋಲಿಸಿ, ಅವು −0.25, −0.5, +0.75; ನಡುವಿನದು ಹೋಗಿಬರುವ ಸಮಯದ ಮುಕ್ಕಾಲಿನಲ್ಲಿ. ಕೋನ ಯಾವುದೇ ಇರಲಿ, ಮೊದಲನೆಯದೂ ಕೊನೆಯದೂ ಒಂದೇ ಚಿಹ್ನೆಯವಾಗಲಾರವು. ಒಂದೇ ದಿಕ್ಕಿನ ಜೋಡಿ ಉಬ್ಬು ಆಂಟೆನಾದ ಮೇಲಿನ ಗಾಳಿಯ ತೇವದ್ದು, ಇಲ್ಲವೇ ಆಂಟೆನಾ ಗಾಳಿಗೆ ಅಲುಗಿದ್ದು: ಕಳಿಸುವಾಗ ಒಮ್ಮೆ, ಪಡೆಯುವಾಗ ಒಮ್ಮೆ ತಗಲುತ್ತದೆ. ನೀರಾವಿ ರೇಡಿಯೊಮೀಟರ್‌ನ ತಿದ್ದುಪಡಿ ಹಾಕಿ ನೋಡಿ. ನೌಕೆ ದಿಗಂತದ ಹತ್ತಿರವಿದ್ದ ಹೊತ್ತಿನ ಅಳತೆ ಬಿಡಿ.

ಪ್ರಶ್ನೆ: ರೇಡಿಯೊಮೀಟರ್ ತಿದ್ದುಪಡಿಯಿಂದ ಆ ಜೋಡಿ ಬಹುತೇಕ ಹೋಯಿತು. ಈಗ ಬೇರೆ ದಿನ ಇನ್ನೊಂದು ಜೋಡಿ: ಮೊದಲು ಕೆಳಕ್ಕೆ, ಆಮೇಲೆ ಅಷ್ಟೇ ಮೇಲಕ್ಕೆ. ನಡುವೆ ಏನೂ ಇಲ್ಲ.

ಉತ್ತರ: ಇದೇ ನಿಜವಾಗಿ ಕಾಡುವುದು. ನೆಲದ ಗಡಿಯಾರ ಜಿಗಿದರೆ ಹೀಗೇ ಕಾಣುತ್ತದೆ. 90°ಯಿಂದ ಬಂದ ಅಲೆಯೂ −0.5, 0, +0.5, ಆಕಾರ ನೋಡಿ ಬಿಡಿಸಲಾಗದು. ಅದೇ ಹೊತ್ತಿಗೆ ಬೇರೆ ನಿಲ್ದಾಣ ಕೇಳಿಸಿಕೊಂಡ ತ್ರಿಮುಖ ಡಾಪ್ಲರ್ ಇದೆಯೇ ಹುಡುಕಿ. ಗಡಿಯಾರದ ದೋಷವಾದರೆ ಅಲ್ಲಿ ಎರಡನೆಯ ಉಬ್ಬು ಮಾತ್ರ ಕಾಣುತ್ತದೆ, ಅಲೆಯಾದರೆ ಎರಡೂ. ತ್ರಿಮುಖ ಸಿಗದಿದ್ದರೆ ಆ ತುಣುಕನ್ನು ಪಟ್ಟಿಯಿಂದ ತೆಗೆದುಬಿಡಿ.