ಸಹಾಯ ಬೇಕು: ಬಡ್ತಿ ಪರೀಕ್ಷೆಯ ಪಾಸ್ ಅಂಕ ನಿಗದಿಗೆ ಅನುಭವಿಗಳು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಅಡಿಕೆ ಸಹಕಾರ ಸಂಘವೊಂದರಲ್ಲಿ ಗುಮಾಸ್ತರಿಂದ ಮೇಲ್ವಿಚಾರಕರಾಗುವ ಬಡ್ತಿ ಪರೀಕ್ಷೆ ಇದೆ. 60 ಪ್ರಶ್ನೆ, ತಲಾ ನಾಲ್ಕು ಆಯ್ಕೆ. ರೂಢಿಯಂತೆ ಶೇ. 35 ಇಟ್ಟರೆ ಪಾಸಾಗಲು 21 ಅಂಕ ಸಾಕು. ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ 15 ಬರುತ್ತದೆ! ಹಾಗಾಗಿ ಅನುಭವಿಗಳು ಪ್ರತಿ ಪ್ರಶ್ನೆಯನ್ನೂ ನೋಡಿ ಮಾಡುವ ಅಂದಾಜಿನಿಂದ ಪಾಸ್ ಅಂಕ ನಿಗದಿಪಡಿಸುವ 'ಆಂಗಾಫ್ ವಿಧಾನ' ಅನುಸರಿಸುತ್ತಿದ್ದೇವೆ.

ಇದಕ್ಕೆ ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ 8 ಮಂದಿ ಅನುಭವಿ ಮೇಲ್ವಿಚಾರಕರು ಬೇಕು. ನಿವೃತ್ತರಾದರೂ ಸರಿ, ಆದರೆ ಅಭ್ಯರ್ಥಿಗಳ ಸಂಬಂಧಿಕರು ಬೇಡ.

ಕೆಲಸ ಒಂದು ದಿನದ್ದು. ಹುದ್ದೆಗೆ ಬೇಕಾದ ಕನಿಷ್ಠ ಅರ್ಹತೆಯಷ್ಟೇ ಇರುವ ನೂರು ಜನರನ್ನು ಕಲ್ಪಿಸಿಕೊಳ್ಳಿ. ಉದಾಹರಣೆಗೆ, ಅಡಿಕೆಯ ರಾಶಿ, ಗೊರಬಲು ದರ್ಜೆಗಳನ್ನು ಬೇರ್ಪಡಿಸುವ ಪ್ರಶ್ನೆಗೆ ಅವರಲ್ಲಿ ಎಷ್ಟು ಮಂದಿ ಸರಿಯುತ್ತರ ಕೊಟ್ಟಾರು? 70 ಎನಿಸಿದರೆ 0.70 ಬರೆಯಿರಿ. ಪ್ರತಿ ಪ್ರಶ್ನೆಗೂ ಎಂಟೂ ಜನರ ಸರಾಸರಿ ತೆಗೆದು, ಅರವತ್ತನ್ನೂ ಕೂಡಿಸುತ್ತೇವೆ. ಮೊತ್ತ 37.8 ಬಂದರೆ ಪಾಸ್ ಅಂಕ 38.

ಹೆಚ್ಚಾಗಿ ಎಡವುವುದು ಇಲ್ಲಿ: ತಮ್ಮ ಅತ್ಯುತ್ತಮ ನೌಕರನನ್ನೇ ನೆನೆದು ಎಲ್ಲದಕ್ಕೂ 0.90 ಬರೆಯುವುದು. ಅದಕ್ಕೇ ಮೊದಲು 5 ಪ್ರಶ್ನೆಗಳ ಅಭ್ಯಾಸ ಇರುತ್ತದೆ. ಮೊದಲ ಸುತ್ತಿನಲ್ಲಿ ಮಾತಾಡದೆ ಬರೆಯಬೇಕು, ಹಿರಿಯರೊಬ್ಬರು ಬಾಯಿಬಿಟ್ಟರೆ ಉಳಿದವರು ಅತ್ತಲೇ ವಾಲುತ್ತಾರೆ. ಅಭಿಪ್ರಾಯ ತೀರಾ ದೂರವಾದ ಪ್ರಶ್ನೆಗಳನ್ನಷ್ಟೇ ಚರ್ಚಿಸಿ, ಎರಡನೇ ಸುತ್ತು.

ಸಹಕಾರ ಸಂಘಗಳ ಸೇವಾ ನಿಯಮ ಬಲ್ಲವರೊಬ್ಬರೂ ಬೇಕು. ನಿಯಮದಲ್ಲೇ ಕನಿಷ್ಠ ಅಂಕ ನಮೂದಾಗಿದ್ದರೆ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಬರಬಲ್ಲವರು ದಯವಿಟ್ಟು ಇಲ್ಲೇ ತಿಳಿಸಿ. ಪ್ರಶ್ನೆಪತ್ರಿಕೆ ಗೋಪ್ಯ, ಕೆಲಸಕ್ಕೆ ಬಂದ ಮೇಲಷ್ಟೇ ತೋರಿಸುತ್ತೇವೆ.