ಇಂಜೆಕ್ಟರ್ ಬದಲಿಸಿದರೂ ಒಂದೇ ಯೂನಿಟ್‌ನ ಎಕ್ಸಾಸ್ಟ್ ಬಿಸಿ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನಮ್ಮ ಹಡಗಿನದು ಆರು ಸಿಲಿಂಡರಿನ ಫೋರ್ ಸ್ಟ್ರೋಕ್ ಜನರೇಟರ್, 720 ಆರ್‌ಪಿಎಂ, ಇಂಧನ ಎಚ್‌ಎಫ್‌ಒ 380 (ಹೆವಿ ಫ್ಯೂಯಲ್ ಆಯಿಲ್ ಎಂಬ ದಪ್ಪ ಎಣ್ಣೆ). 70% ಲೋಡಿನಲ್ಲಿ ಐದು ಸಿಲಿಂಡರ್ ಯೂನಿಟ್‌ಗಳ ಎಕ್ಸಾಸ್ಟ್ 365ರಿಂದ 380 ಡಿಗ್ರಿ, ಮೂರನೆಯದು ಮಾತ್ರ 425. ಪೀಕ್ ಪ್ರೆಷರ್ (ಇಂಧನ ಉರಿದಾಗಿನ ಗರಿಷ್ಠ ಒತ್ತಡ) ಉಳಿದವುಗಳಲ್ಲಿ 135–138 ಬಾರ್, ಮೂರರಲ್ಲಿ 122. ಸ್ಟೋರಿನಲ್ಲಿದ್ದ ಹೊಸ ಇಂಜೆಕ್ಟರ್ ಹಾಕಿದರೂ ವ್ಯತ್ಯಾಸವಿಲ್ಲ. ಆ ಯೂನಿಟ್‌ನ ರ‍್ಯಾಕ್ (ಇಂಧನ ಪಂಪ್ ಕೊಡುವ ಇಂಧನದ ಪ್ರಮಾಣ ಬದಲಿಸುವ ಸರಳು) ಎರಡು ಮಿ.ಮೀ. ಇಳಿಸಿಬಿಡಿ ಅನ್ನುತ್ತಿದ್ದಾರೆ. ಮಾಡಬಹುದೇ ಸರ್?

ಉತ್ತರ: ದಯವಿಟ್ಟು ರ‍್ಯಾಕ್ ಮುಟ್ಟಬೇಡಿ. ಇಳಿಸಿದರೆ ಟೆಂಪರೇಚರ್ ಖಂಡಿತ ಇಳಿಯುತ್ತದೆ, ಏಕೆಂದರೆ ಆ ಯೂನಿಟ್ ಕೆಲಸ ಮಾಡುವುದನ್ನೇ ಕಡಿಮೆ ಮಾಡುತ್ತದೆ. ಅದರ ಪಾಲಿನ ಲೋಡ್ ಉಳಿದ ಐದರ ಮೇಲೆ ಬೀಳುತ್ತದೆ, ದೋಷ ಇದ್ದಲ್ಲೇ ಇರುತ್ತದೆ.

ಮೊದಲು ರೀಡಿಂಗ್ ನಂಬುವಂಥದ್ದೇ ಎಂದು ನೋಡಿ. ಮೂರು ಮತ್ತು ನಾಲ್ಕರ ಥರ್ಮೋಕಪಲ್ ಅದಲುಬದಲು ಮಾಡಿ. ಹೆಚ್ಚಿನ ರೀಡಿಂಗ್ ನಾಲ್ಕಕ್ಕೆ ಹೋದರೆ ತಪ್ಪು ಥರ್ಮೋಕಪಲ್‌ನದು. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಇಂಡಿಕೇಟರ್ ಕಾಕ್ ತೆರೆದು ಒಂದೆರಡು ಬಾರಿ ಊದಿಸಿದ ಮೇಲೆಯೇ ಗೇಜ್ ಹಾಕಿ. ಆ ಸಣ್ಣ ದಾರಿಯಲ್ಲಿ ಕಾರ್ಬನ್ ಕಟ್ಟಿದ್ದರೆ ಪೀಕ್ ಪ್ರೆಷರ್ ಸುಳ್ಳೇ ಕಡಿಮೆ ತೋರಿಸುತ್ತದೆ.

ಇದಾದ ಮೇಲೆ ಬೇಕಾದದ್ದು ಕಂಪ್ರೆಷನ್ ಪ್ರೆಷರ್, ಅಂದರೆ ಇಂಧನ ಉರಿಯದೆ ಪಿಸ್ಟನ್ ಗಾಳಿಯನ್ನು ಅಮುಕಿದಾಗಿನ ಒತ್ತಡ. ಅದನ್ನು ನೀವು ಬರೆದೇ ಇಲ್ಲ, ಆದರೆ ದಾರಿ ಕವಲೊಡೆಯುವುದು ಅಲ್ಲೇ. ಕಂಪ್ರೆಷನ್ ಕೂಡ ಬಿದ್ದಿದ್ದರೆ ಇಂಧನದ ಕಡೆ ನೋಡಿ ಫಲವಿಲ್ಲ: ಎಕ್ಸಾಸ್ಟ್ ವಾಲ್ವ್ ಸೀಟ್, ಟ್ಯಾಪೆಟ್ ಕ್ಲಿಯರೆನ್ಸ್, ಪಿಸ್ಟನ್ ರಿಂಗ್, ಲೈನರ್ ನೋಡಬೇಕು. ಕಂಪ್ರೆಷನ್ ಸರಿಯಿದ್ದು ಪೀಕ್ ಮಾತ್ರ ಕಡಿಮೆ, ಎಕ್ಸಾಸ್ಟ್ ಜಾಸ್ತಿ ಎಂದರೆ ಇಂಧನ ತಡವಾಗಿ ಉರಿಯುತ್ತಿದೆ. ಪಿಸ್ಟನ್ ಕೆಳಗಿಳಿಯುವಾಗ ಉರಿದ ಇಂಧನದ ಶಾಖ ಕೆಲಸಕ್ಕೆ ಬಾರದೆ ಎಕ್ಸಾಸ್ಟಿಗೆ ಹೋಗುತ್ತದೆ. ಪೀಕ್ ಜಾಸ್ತಿ, ಎಕ್ಸಾಸ್ಟ್ ಕಡಿಮೆ ಇದ್ದರೆ ಇಂಜೆಕ್ಷನ್ ಬೇಗ ಆಗುತ್ತಿದೆ. ಎರಡೂ ಕಡಿಮೆ ಇದ್ದರೆ ಇಂಧನವೇ ಸಾಲುತ್ತಿಲ್ಲ.

ಮೇಕರ್ ಮ್ಯಾನ್ಯುಯಲ್ ಒಪ್ಪಿದರೆ ಲೋಡ್ ಇಳಿಸಿ, ಆ ಒಂದು ಪಂಪಿನ ರ‍್ಯಾಕ್ ಸ್ವಲ್ಪ ಹೊತ್ತು ಸೊನ್ನೆಗೆ ತಂದು ಕಂಪ್ರೆಷನ್ ಅಳೆಯಿರಿ. ಅದೇ ಲೋಡಿನಲ್ಲಿ ಇನ್ನೆರಡು ಯೂನಿಟ್ ಕೂಡ ಹಾಗೇ ಅಳೆದರೆ ಮಾತ್ರ ಹೋಲಿಕೆಗೆ ಅರ್ಥ. ಜೊತೆಗೆ ಆರೂ ಪಂಪುಗಳ ರ‍್ಯಾಕ್ ಇಂಡೆಕ್ಸ್ (ಸರಳು ಎಲ್ಲಿ ನಿಂತಿದೆ ಎಂಬ ಅಳತೆ) ಬರೆದು ಕಳಿಸಿ.

ಇನ್ನೊಬ್ಬರ ಸೇರ್ಪಡೆ: ಹೊಸ ಇಂಜೆಕ್ಟರ್ ಎಂದ ಮಾತ್ರಕ್ಕೆ ಸರಿಯಾದ ಇಂಜೆಕ್ಟರ್ ಅಲ್ಲ. ಪೆಟ್ಟಿಗೆಯಿಂದ ತೆಗೆದು ನೇರ ಹಾಕಿದ್ದರೆ ಹೊರತೆಗೆದು ಟೆಸ್ಟ್ ಮಾಡಿ. ಟೆಸ್ಟ್ ರಿಗ್ಗಿನಲ್ಲಿ ಮೊದಲು ಜೋರಾಗಿ ನಾಲ್ಕೈದು ಬಾರಿ ಪಂಪ್ ಮಾಡಿ ಗಾಳಿ ಹೊರಹಾಕಿ. ಆಮೇಲೆ ನಿಧಾನವಾಗಿ ಒತ್ತಡ ಏರಿಸಿ, ಎಷ್ಟಕ್ಕೆ ತೆರೆಯುತ್ತದೆ ನೋಡಿ. ಮ್ಯಾನ್ಯುಯಲ್ 320 ಬಾರ್ ಎಂದಿದ್ದರೆ 300ರಲ್ಲಿ ಹತ್ತು ಸೆಕೆಂಡ್ ಹಿಡಿದಿಡಿ, ತುದಿಯಲ್ಲಿ ಹನಿ ಕಟ್ಟಬಾರದು. ಹನಿ ಕಟ್ಟುವ ನಾಝಲ್ ಎಂಜಿನ್ನಿನೊಳಗೆ ತೂತುಗಳ ಸುತ್ತ ಕಹಳೆಯಾಕಾರದ ಕಾರ್ಬನ್ ಬೆಳೆಸುತ್ತದೆ, ಸ್ಪ್ರೇ ಕೆಡುತ್ತದೆ. ಎಲ್ಲ ತೂತುಗಳಿಂದಲೂ ಮಂಜಿನಂಥ ಸ್ಪ್ರೇ ಒಂದೇ ಸಮ ಬರಬೇಕು. ಸ್ಪ್ರೇ ಮುಂದೆ ಕೈ ಹೋಗಲೇಬಾರದು. ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ನೋವು ಕಡಿಮೆ ಇದ್ದರೂ ಅದು ತುರ್ತು ಚಿಕಿತ್ಸೆ ಬೇಕಾದ ಗಾಯ.

ನಾಝಲ್ ಬಾಡಿ ಮತ್ತು ನೀಡಲ್ ಜೋಡಿ, ಒಂದರ ನೀಡಲ್ ಇನ್ನೊಂದಕ್ಕೆ ಹಾಕಬೇಡಿ. ಹಳೆಯ ತಾಮ್ರದ ವಾಷರ್ ಪಾಕೆಟ್ಟಿನ ತಳದಲ್ಲೇ ಉಳಿದಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಎರಡು ವಾಷರ್ ಆದರೆ ನಾಝಲ್ ತುದಿ ಮೇಲೆ ಸರಿದು, ಸ್ಪ್ರೇ ಬೀಳಬೇಕಾದ ಜಾಗಕ್ಕೆ ಬೀಳುವುದಿಲ್ಲ.

ಮರುಪ್ರಶ್ನೆ: ಥರ್ಮೋಕಪಲ್ ಸರಿಯಿದೆ. ಇಂಜೆಕ್ಟರ್ ಟೆಸ್ಟಿನಲ್ಲಿ ಪಾಸಾಯಿತು, ವಾಷರ್ ಒಂದೇ. ಕಂಪ್ರೆಷನ್ ಮೂರರಲ್ಲಿ 98, ಹೋಲಿಸಿದ ಎರಡರಲ್ಲಿ 99 ಮತ್ತು 100. ಇಂಡೆಕ್ಸ್ ಉಳಿದ ಐದರಲ್ಲೂ 24 ಮಿ.ಮೀ., ಮೂರರಲ್ಲಿ 26.

ಉತ್ತರ: 26 ಎಂದಿರಲ್ಲ, ಸುಳಿವು ಅದೇ. ಹಿಂದೆ ಯಾವಾಗಲೋ ಆ ಯೂನಿಟ್ ಸೊರಗಿದಾಗ ರ‍್ಯಾಕ್ ಏರಿಸಿ ಸರಿದೂಗಿಸಿದ್ದಾರೆ. ಈಗ ಪಂಪಿನ ಪ್ಲಂಜರ್–ಬ್ಯಾರೆಲ್ (ಇಂಧನ ಒತ್ತುವ ದಂಡ ಮತ್ತು ಅದು ಓಡಾಡುವ ಕೊಳವೆ) ಮೇಲೆ ನನ್ನ ಅನುಮಾನ. ಸವೆದ ಪ್ಲಂಜರಿನ ಸಂದಿಯಿಂದ ಸ್ಟ್ರೋಕಿನ ಆರಂಭದಲ್ಲಿ ಇಂಧನ ಸೋರುತ್ತದೆ, ನೀಡಲ್ ಎತ್ತುವ ಒತ್ತಡ ಕಟ್ಟಲು ತಡವಾಗುತ್ತದೆ, ಪೀಕ್ ಬೀಳುತ್ತದೆ. ಇಂಡೆಕ್ಸ್ ಏರಿಸಿದಾಗ ಪ್ಲಂಜರಿನಲ್ಲಿ ಓರೆ ಅಂಚು ಕೊರೆದ ಸಾಮಾನ್ಯ ಹೆಲಿಕ್ಸ್ ಪಂಪಿನಲ್ಲಿ ಬದಲಾಗುವುದು ಇಂಜೆಕ್ಷನ್ನಿನ ಕೊನೆ, ಆರಂಭವಲ್ಲ. ಹಾಗಾಗಿ ತಡವಾಗಿ ಶುರುವಾದ ಇಂಜೆಕ್ಷನ್ ಇನ್ನೂ ತಡವಾಗಿ ಮುಗಿಯುತ್ತದೆ. ನಿಮ್ಮ 425 ಡಿಗ್ರಿ ಅಲ್ಲಿಂದ ಬಂದಿದೆ.

ಪಂಪ್ ಬಿಚ್ಚುವ ಮೊದಲು ಒಂದು ಪರೀಕ್ಷೆ ಇದೆ. ಎಂಜಿಒಗೆ (ಮರೈನ್ ಗ್ಯಾಸ್ ಆಯಿಲ್, ಡೀಸೆಲಿನಂಥ ತೆಳು ಇಂಧನ) ಬದಲಿಸುವ ಸಂದರ್ಭ ಬಂದರೆ ಅದೇ ಲೋಡಿನಲ್ಲಿ ಪೀಕ್ ತೆಗೆಯಿರಿ. ತೆಳು ಇಂಧನ ಸವೆದ ಸಂದಿಯಲ್ಲಿ ಹೆಚ್ಚು ಸೋರುವುದರಿಂದ ಮೂರರ ಪೀಕ್ ಉಳಿದವುಗಳಿಗಿಂತ ಇನ್ನಷ್ಟು ಹಿಂದೆ ಬೀಳಬೇಕು. ಅಂತರ ಬದಲಾಗದಿದ್ದರೆ ಪ್ಲಂಜರಿಗಿಂತ ಮೊದಲು ಟೈಮಿಂಗ್, ಕ್ಯಾಮ್, ರೋಲರ್ ಹಾಗೂ ಡೆಲಿವರಿ ವಾಲ್ವ್ ನೋಡಿ.

ಬಿಚ್ಚುವಾಗ ಸ್ಟಾರ್ಟಿಂಗ್ ಏರ್ ಮುಚ್ಚಿ, ಟರ್ನಿಂಗ್ ಗೇರ್ ಹಾಕಿ, ಇಂಧನದ ಇನ್‌ಲೆಟ್–ಔಟ್‌ಲೆಟ್ ಮುಚ್ಚಿ ಒತ್ತಡ ಇಳಿಸಿ. ಒಳಗಿರುವುದು 130 ಡಿಗ್ರಿ ಆಸುಪಾಸಿನ ಎಣ್ಣೆ ಎಂಬುದು ನೆನಪಿರಲಿ. ಪ್ಲಂಜರ್ ಮತ್ತು ಬ್ಯಾರೆಲ್ ಜೊತೆಯಾಗಿಯೇ ಬದಲಿಸಿ, ಡೆಲಿವರಿ ವಾಲ್ವ್ ಸೀಟನ್ನೂ ಆಗಲೇ ನೋಡಿ. ಜೋಡಿಸಿದ ಮೇಲೆ ಟೈಮಿಂಗ್ ಹೊಸದಾಗಿ ಚೆಕ್ ಮಾಡಬೇಕು. ಪಂಪಿನ ಟ್ಯಾಪೆಟ್ (ಕ್ಯಾಮ್ ಮೇಲಿಂದ ಪ್ಲಂಜರನ್ನು ಎತ್ತುವ ಭಾಗ) ಎತ್ತರಿಸಿದರೆ ಇಂಜೆಕ್ಷನ್ ಬೇಗ ಶುರುವಾಗುತ್ತದೆ, ಆದರೆ ಪ್ಲಂಜರ್ ತುದಿ ಮೇಲೆ ತಾಗದಷ್ಟು ಕ್ಲಿಯರೆನ್ಸ್ ಉಳಿದಿರಬೇಕು. ರ‍್ಯಾಕ್ ಕೈಯಲ್ಲಿ ಸಲೀಸಾಗಿ ಓಡಾಡುತ್ತದೆಯೇ, ಸ್ಟಾಪ್ ಲಿವರಿನಲ್ಲಿ ನಿಜಕ್ಕೂ ಸೊನ್ನೆಗೆ ಬರುತ್ತದೆಯೇ ನೋಡದೆ ಎಂಜಿನ್ ಚಾಲೂ ಮಾಡಬೇಡಿ. ಸೊನ್ನೆಗೆ ಬಾರದ ಪಂಪ್ ಎಂಜಿನ್ನನ್ನು ನಿಲ್ಲಲು ಬಿಡುವುದಿಲ್ಲ, ಓವರ್‌ಸ್ಪೀಡ್ ಅಪಾಯವಿದೆ. ಎರಡು ಪದರದ ಹೈ ಪ್ರೆಷರ್ ಪೈಪ್ ಸೋಲಾಸ್ (ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮದ ರಕ್ಷಣೆ, ಅದರ ಲೀಕ್ ಅಲಾರ್ಮ್ ಕೂಡ ಟೆಸ್ಟ್ ಮಾಡಿ. ಕೊನೆಗೆ ಇಂಡೆಕ್ಸ್ 24ಕ್ಕೆ ತಂದು, ಅದೇ 70% ಲೋಡಿನಲ್ಲಿ ಆರೂ ಯೂನಿಟ್ ಅಳೆಯಿರಿ.

ಮರುಪ್ರಶ್ನೆ: ಒಂದೇ ಪಂಪ್ ಯಾಕೆ ಹೀಗೆ ಸವೆದಿರಬಹುದು?

ಉತ್ತರ: ಒಂದೇ ಎಂದು ನಿರಾಳವಾಗಬೇಡಿ. ಅದರ ರನ್ನಿಂಗ್ ಅವರ್ಸ್ ಉಳಿದವುಗಳಷ್ಟೇ ಇದ್ದರೆ ಅವೂ ಸವೆಯುತ್ತಿರಬಹುದು. ಮೊದಲು ಬಂಕರ್ ರಿಪೋರ್ಟಿನಲ್ಲಿ (ಹಡಗಿಗೆ ತುಂಬಿಸಿದ ಇಂಧನದ ಪರೀಕ್ಷಾ ವರದಿ) ಅಲ್ಯುಮಿನಿಯಂ–ಸಿಲಿಕಾನ್ ನೋಡಿ, ಪ್ಲಂಜರ್ ಸವೆಸುವ ಗಟ್ಟಿ ಕಣಗಳು ಅವೇ. ಐಎಸ್‌ಒ 8217 (ಹಡಗಿನ ಇಂಧನದ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಆರ್‌ಎಂಜಿ 380 ದರ್ಜೆಯ ಇಂಧನಕ್ಕೆ ಮಿತಿ ಕೆ.ಜಿ.ಗೆ 60 ಮಿ.ಗ್ರಾಂ. ಅದು ಹಡಗಿಗೆ ಬರುವ ಎಣ್ಣೆಯ ಮಿತಿ, ಎಂಜಿನ್ನಿಗೆ ಹೋಗುವಾಗ 15ಕ್ಕಿಂತ ಕೆಳಗಿರಬೇಕು. ಇಂಧನ ಶುದ್ಧಗೊಳಿಸುವ ಪ್ಯೂರಿಫೈಯರ್ ಟೆಂಪರೇಚರ್ 98 ಡಿಗ್ರಿ ಇರಲಿ, ಬಳಕೆಗೆ ಬೇಕಾದಷ್ಟೇ ನಿಧಾನವಾಗಿ ಹರಿಸಿ, ಸೆಟ್ಲಿಂಗ್ ಮತ್ತು ಸರ್ವಿಸ್ ಟ್ಯಾಂಕ್ ಡ್ರೈನ್ ಮಾಡುವುದನ್ನು ತಪ್ಪಿಸಬೇಡಿ.

ವಿಸ್ಕಾಸಿಟಿ (ಎಣ್ಣೆ ಎಷ್ಟು ದಪ್ಪ ಎಂಬ ಅಳತೆ) ಕೂಡ ನೋಡಿ. ಪಂಪಿಗೆ ಬರುವಲ್ಲಿ 10–15 ಸೆಂಟಿಸ್ಟೋಕ್ ಇರಬೇಕು, 380 ಎಣ್ಣೆಗೆ ಅದು ಸುಮಾರು 135 ಡಿಗ್ರಿ. ಕಡಿಮೆ ಗಂಧಕದ ಎಣ್ಣೆಗಳಲ್ಲಿ ಒಂದು ಬಂಕರಿನಂತೆ ಇನ್ನೊಂದಿರುವುದಿಲ್ಲ, ಅಲ್ಲಿ ಡಿಗ್ರಿ ಹಿಡಿದು ಕೂರದೆ ವಿಸ್ಕಾಮೀಟರ್ ಪ್ರಕಾರ ನಡೆಯಿರಿ.

ಮತ್ತೊಬ್ಬ ಓದುಗರ ಪ್ರಶ್ನೆ: ನಮ್ಮಲ್ಲಿ ಆರೂ ಯೂನಿಟ್ ಒಟ್ಟಿಗೆ 30 ಡಿಗ್ರಿ ಏರಿವೆ, ಕಪ್ಪು ಹೊಗೆ. ಎಲ್ಲ ಇಂಜೆಕ್ಟರ್ ತೆಗೆಯಬೇಕೇ?

ಉತ್ತರ: ಬೇಡ. ಆರೂ ಒಟ್ಟಿಗೆ ಏರಿದರೆ ಗಾಳಿ ಸಾಲುತ್ತಿಲ್ಲ ಎಂದುಕೊಂಡೇ ಆರಂಭಿಸಿ. ಅದೇ ಲೋಡಿನ ಹಳೆಯ ಚಾರ್ಜ್ ಏರ್ ಪ್ರೆಷರಿನ ಜೊತೆ ಇವತ್ತಿನದನ್ನು ಹೋಲಿಸಿ. ಟರ್ಬೋಚಾರ್ಜರ್ ಫಿಲ್ಟರ್, ಕಂಪ್ರೆಸರ್ ಮತ್ತು ಟರ್ಬೈನ್ ಕೊಳೆ, ಏರ್ ಕೂಲರಿನ ಆಚೀಚೆಗಿನ ಒತ್ತಡದ ವ್ಯತ್ಯಾಸ, ಈ ಕ್ರಮದಲ್ಲಿ ನೋಡಿ.

ಮೊದಲ ಪ್ರಶ್ನೆ ಕೇಳಿದವರು: ಎಂಜಿಒಗೆ ಬದಲಿಸುವಾಗ ಉಳಿದ ಪಂಪುಗಳಿಗೆ ತೊಂದರೆ ಆಗದೇ?

ಉತ್ತರ: ಅವಸರ ಮಾಡಿದರೆ ಆಗುತ್ತದೆ. ನಿಮಿಷಕ್ಕೆ 2 ಡಿಗ್ರಿಗಿಂತ ವೇಗವಾಗಿ ತಣಿಸಬೇಡಿ, ಬ್ಯಾರೆಲ್ ಬೇಗ ಕುಗ್ಗಿ ಪ್ಲಂಜರ್ ಹಿಡಿದುಕೊಳ್ಳುತ್ತದೆ. ಎಂಜಿನ್ ಇನ್‌ಲೆಟ್ಟಿನಲ್ಲಿ ಎಂಜಿಒ 2 ಸೆಂಟಿಸ್ಟೋಕಿಗಿಂತ ತೆಳುವಾಗದಂತೆ ಕೂಲರ್ ಅಥವಾ ಚಿಲ್ಲರ್ ಹಾಕಿ. ಲೈನನ್ನು ಬಿಸಿಯಾಗಿಡುವ ಸ್ಟೀಮ್ ಟ್ರೇಸಿಂಗ್ ಮುಚ್ಚುವುದನ್ನು ಮರೆಯಬೇಡಿ.